ಮೂರು ಶುಕ್ರವಾರ ಹೂ ಕೇಳಿದ್ದು

ಭೇರ್ಯ
10 ಜೂನ್ 2023

ಪುಟ್ಟಿ,

ಕಾಗದ ಬರೆಯುವಾಗ ಮೊದಲು ಎಲ್ಲರ ಕ್ಷೇಮ ತಿಳಿಸಬೇಕು ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಸು ಕ್ಷೇಮ, ನಿನ್ನಣ್ಣ ಬಸವರಾಜು ಕ್ಷೇಮ, ಅವನ ಹೆಂಡತಿಯ ಬಾಯಿ ಬಹಳ ಕ್ಷೇಮ. ನನ್ನ ಕಿವಿಯ ಕಥೆ ಮಾತ್ರ ನಿನಗೆ ಗೊತ್ತೇ ಇದೆ. ನಿನ್ನೆ ನೀನು ಫೋನಿನಲ್ಲಿ ಹೇಳಿದ್ದು ಬೀದಿಗೆಲ್ಲ ಕೇಳಿಸಿತಂತೆ, ನನಗೊಬ್ಬಳಿಗೆ ಕೇಳಿಸಲಿಲ್ಲ. ಕೊನೆಗೆ ಬಸವರಾಜು ಎದುರಿಗೆ ಕೂತು, ತುಟಿ ದೊಡ್ಡದು ಮಾಡಿ ತಿಳಿಸಿದ: ನೀನೂ ಅಳಿಯಂದಿರೂ ಮೈಸೂರಿನ ಒಂದು ಮಕ್ಕಳ ಮನೆಯಿಂದ ಎರಡೂವರೆ ವರ್ಷದ ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುತ್ತಿದ್ದೀರಿ ಎಂದು. ಇನ್ನು ಮುಂದೆ ಮುಖ್ಯ ವಿಷಯವಿದ್ದರೆ ಕಾಗದ ಬರಿ. ಪೋಸ್ಟ್‌ಮ್ಯಾನ್ ಮೂರ್ತಿಗೂ ಸ್ವಲ್ಪ ಕೆಲಸ ಸಿಗಲಿ.

ಅವ್ವನಿಗೆ ಸಂತೋಷವಾಯಿತೇ ಎಂದು ಕೇಳಿದೆಯಂತೆ. ಇಷ್ಟು ವರ್ಷ ನಿನ್ನ ಬರಿ ಮಡಿಲು ನೋಡಿ ಕಣ್ಣು ಒರೆಸಿಕೊಂಡವಳು ನಾನು, ಆಗದೆ ಇರುತ್ತದೆಯೇ? ಆದರೆ ಅವಸರ ಬೇಡ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಮೊದಲು ಅಮ್ಮನನ್ನು ಕೇಳಬೇಕು. ಕೆರೆ ಏರಿ ಮೇಲಿನ ಮಾರಮ್ಮನ ಮುಂದೆ ನಿಂತು ಹೂ ಕೇಳದೆ ಈ ಮನೆಯಲ್ಲಿ ಯಾವ ದೊಡ್ಡ ಕೆಲಸವೂ ಆಗಿಲ್ಲ. ನಿನ್ನ ಮದುವೆಗೆ ಕೇಳಿದಾಗ ಅವಳ ತಲೆಯಿಂದ ಬಲಗಡೆಗೆ ಹೂ ಬಿತ್ತು, ಆಗಲಿ ಅಂದಳು. ಅಳಿಯಂದಿರು ಚಿನ್ನದಂಥವರು ಸಿಕ್ಕಿದರು. ನಿಮ್ಮಪ್ಪನ ಆಪರೇಷನ್ನಿಗೆ ಕೇಳಿದಾಗ ಎಡಗಡೆಗೆ ಬಿತ್ತು, ಬೇಡ ಅಂದಳು. ಡಾಕ್ಟರು ಹೇಳಿದ್ದೇ ಸರಿ ಎಂದೆ ನೀನು. ನಾನು ನಿನ್ನ ಮಾತು ಕೇಳಿದೆ. ಅವರು ಆಸ್ಪತ್ರೆಯಿಂದ ನಡೆದು ಬರಲಿಲ್ಲ. ನಾನು ಯಾರನ್ನೂ ದೂರುತ್ತಿಲ್ಲ. ಇನ್ನೊಂದು ಸಲ ಅವಳ ಮಾತು ಮೀರುವ ಧೈರ್ಯ ನನಗಿಲ್ಲ, ಅಷ್ಟೆ.

ಬರುವ ಶುಕ್ರವಾರ ಹೋಗುತ್ತೇನೆ. ಅಲ್ಲಿಯವರೆಗೆ ಯಾವುದಕ್ಕೂ ಸಹಿ ಹಾಕಬೇಡಿ.

ನಿನ್ನ ಅವ್ವ,
ರುಕ್ಮಿಣಮ್ಮ


ಹೆಗ್ಗಡದೇವನಕೋಟೆ
24 ಜೂನ್ 2023

ಅವ್ವ,

ಅಪ್ಪನ ಬಗ್ಗೆ ನೀನು ಬರೆದ ಸಾಲಿಗೆ ಏನು ಉತ್ತರ ಕೊಡಲಿ ಎಂದು ಯೋಚಿಸುತ್ತಲೇ ಒಂದು ವಾರ ಕಳೆಯಿತು. ಬರೆದದ್ದನ್ನೆಲ್ಲ ಹರಿದು ಹಾಕಿದೆ. ಆ ವಿಷಯ ಬಿಟ್ಟುಬಿಡುತ್ತೇನೆ. ಸಹಿ ಹಾಕಿ ಆಗಿದೆ ಎನ್ನುವುದನ್ನು ಮಾತ್ರ ಮುಚ್ಚಿಡುವುದಿಲ್ಲ. ನಿನ್ನ ಕಾಗದ ಬರುವ ಮೊದಲೇ ಹಾಕಿದ್ದೆವು.

ಅಪ್ಪ ಹೋದ ಮೇಲೆ ನಾನು ಯಾವ ಗುಡಿಯ ಮೆಟ್ಟಿಲನ್ನೂ ಹತ್ತಿಲ್ಲ, ನಿನಗೆ ಗೊತ್ತು. ದೇವರೆಂದರೆ ನಿನಗೆ ಭಯ, ನನಗೆ ಸಿಟ್ಟು. ಅಂಥವಳು ಮಗುವನ್ನು ನೋಡಲು ಹೋದ ದಿನ ಏನು ಮಾಡಿದೆ ಕೇಳು. ನಮ್ಮನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿದ್ದರು. ಎದುರಿಗೆ ಒಬ್ಬ ಆಯಾ ಕೂತು ಮಕ್ಕಳ ಉಗುರು ಕತ್ತರಿಸುತ್ತಿದ್ದಳು. ಬಾಗಿದ ಬೆನ್ನು, ಮೂಗಿನ ತುದಿಗೆ ಜಾರಿದ ಕನ್ನಡಕ. ಒಂದೊಂದು ಮಗುವೂ ಬಂದು ಕೈ ಚಾಚುವುದು, ಆದ ಮೇಲೆ ಬೆರಳುಗಳನ್ನು ತಿರುಗಿಸಿ ನೋಡಿಕೊಳ್ಳುವುದು, ಪಕ್ಕದವರಿಗೆ ತೋರಿಸುವುದು. ಒಬ್ಬಳು ಮಾತ್ರ ಉಗುರು ಕತ್ತರಿಸಿಕೊಂಡು ನೇರ ನನ್ನ ಹತ್ತಿರ ಬಂದಳು. ನನ್ನ ಕೈ ಹಿಡಿದು, ಆಯಾ ಹಿಡಿದಂತೆಯೇ ಒಂದೊಂದು ಬೆರಳನ್ನೂ ಎತ್ತಿ, ಉಗುರು ಕತ್ತರಿಸಿದ ಹಾಗೆ ಮಾಡಿದಳು. ಅವಳೇ ಇಂಪನಾ. ಅಲ್ಲಿಯವರೇ ಇಟ್ಟ ಹೆಸರು.

ಹೊರಡುವಾಗ ಇವರು, ನಿನ್ನ ಚಪ್ಪಲಿ ಎಲ್ಲಿ ಎಂದರು. ನೋಡಿದರೆ ಬೆಂಚಿನ ಕೆಳಗೆ ಪಕ್ಕಕ್ಕೆ ಬಿಟ್ಟಿದ್ದೆ. ಯಾವಾಗ ಬಿಟ್ಟೆನೋ ನನಗೇ ತಿಳಿಯದು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ ಅವ್ವ. ಮೂರು ವರ್ಷದಿಂದ ನಾನು ಯಾವ ದೇವರಿಂದ ಮುಖ ತಿರುಗಿಸಿಕೊಂಡಿದ್ದೆನೋ ಅವನೇ ಅಲ್ಲಿ, ಆ ಉಗುರಿನ ಚೂರುಗಳ ಮಧ್ಯೆ, ಸುಮ್ಮನೆ ಕೂತಿದ್ದ ಎನ್ನಿಸಿತು.

ಮಗು ಬರುವ ದಿನ ಹೊಸಿಲಲ್ಲಿ ಆರತಿ ಎತ್ತಲು ನೀನು ಇರಬೇಕು. ಬೇರೆ ಯಾರನ್ನೂ ಕರೆಯುವುದಿಲ್ಲ.

ನಿನ್ನ
ಪುಟ್ಟಿ


ಭೇರ್ಯ
9 ಜುಲೈ 2023

ಪುಟ್ಟಿ,

ಚಪ್ಪಲಿ ಬಿಟ್ಟೆಯಂತೆ. ಯಾರೂ ಹಾಕಿಕೊಂಡು ಹೋಗಲಿಲ್ಲವಲ್ಲ, ಪುಣ್ಯ. ಉಗುರು ಕತ್ತರಿಸುವ ಕಡೆ, ಪಾತ್ರೆ ಬೆಳಗುವ ಕಡೆ ಎಲ್ಲ ದೇವರು ಬಂದು ಕೂತರೆ ನಾವು ಕಾಲಿಡುವುದು ಎಲ್ಲಿ? ಅಮ್ಮ ಇರಬೇಕಾದ ಕಡೆ ಇದ್ದಾಳೆ, ಏರಿಯ ಮೇಲೆ. ಅವಳಿಗೊಂದು ಜಾಗ, ನಮಗೊಂದು ಜಾಗ. ಹಾಗಿದ್ದರೇ ಇಬ್ಬರಿಗೂ ಮರ್ಯಾದೆ.

ಮೂರು ಶುಕ್ರವಾರ ಹೋಗಿಬಂದೆ. ಪೂಜಾರಿ ಪುಟ್ಟಮಲ್ಲಪ್ಪ ಒದ್ದೆ ಹೂಗಳನ್ನು ಅಮ್ಮನ ತಲೆಗೆ ಅಂಟಿಸಿ, ಗಂಟೆ ಹೊಡೆದು, ಕೇಳಿಕೋ ಎಂದ. ಯಾರ ಪರವಾಗಿ ಎಂದು ಮೊದಲು ಹೇಳಬೇಕಲ್ಲ. ನಿನ್ನ ಹೆಸರು ಹೇಳಿ ದೊಡ್ಡಮನೆ ಒಕ್ಕಲು ಎಂದೆ. ಅಳಿಯಂದಿರ ಹೆಸರಿಗೆ ಅವರ ವಂಶದ ಒಕ್ಕಲು ಹೇಳಿದೆ. ಮಗುವಿನ ಹೆಸರು ಹೇಳಿ ನಿಂತುಬಿಟ್ಟೆ. ಪುಟ್ಟಮಲ್ಲಪ್ಪ ಕಾದು ಕಾದು ಅಂದ: "ಯಾರ ಮನೆ ಮಗ, ಯಾವ ಒಕ್ಕಲು ಅಂತ ಅಮ್ಮಂಗೆ ಯೋಳ್ಬೇಕಲ್ಲ ಕಣವ್ವ. ಇಲ್ದಿದ್ರೆ ಅವ್ಳಾದ್ರೂ ಯಾರ್ಗೆ ಅಂತ ಕೊಟ್ಟಾಳು?" ಅವನಲ್ಲಿ ಕೆಡುಕಿಲ್ಲ, ಪದ್ಧತಿ ಹೇಳಿದ. ತೀರ್ಥ ತೆಗೆದುಕೊಂಡು ಏರಿ ಇಳಿದು ಬಂದೆ.

ಎರಡನೆಯ ಶುಕ್ರವಾರ ಬರೀ ಒಂದು ಹೆಣ್ಣುಮಗು ಎಂದೆ. ಮೂರನೆಯ ಶುಕ್ರವಾರ ಏನೂ ಹೇಳದೆ ಕೈ ಮುಗಿದು ನಿಂತೆ. ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಬೇಡ ಅಂದಿದ್ದರೆ ನಿನ್ನ ಜೊತೆ ಜಗಳ ಆಡುತ್ತಿದ್ದೆ. ಆಗಲಿ ಅಂದಿದ್ದರೆ ಮೊದಲ ಬಸ್ಸು ಹತ್ತುತ್ತಿದ್ದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾಡಿಬಿಟ್ಟಳು.

ನಾನು ಆರತಿಗೆ ಬರುವುದಿಲ್ಲ ಪುಟ್ಟಿ. ಅವಳು ಒಪ್ಪದ ಮಗುವನ್ನು ಮೊಮ್ಮಗಳೆಂದು ಎತ್ತಿಕೊಂಡು, ಆಮೇಲೆ ನಿನಗೋ ಆ ಮಗುವಿಗೋ ಏನಾದರೂ ಆದರೆ ನಾನು ತಡೆದುಕೊಳ್ಳಲಾರೆ. ಪ್ರೀತಿ ಇಲ್ಲದೆ ಹೀಗೆ ಬರೆದಳು ಎಂದುಕೊಳ್ಳಬೇಡ. ಇರುವುದರಿಂದಲೇ ಬರೆದೆ.

ನಿನ್ನ ಅವ್ವ,
ರುಕ್ಮಿಣಮ್ಮ


ಹೆಗ್ಗಡದೇವನಕೋಟೆ
14 ಸೆಪ್ಟೆಂಬರ್ 2023

ಅವ್ವ,

ಹೋದ ವಾರ ಇಂಪನಾ ಮನೆಗೆ ಬಂದಳು.

ಬೇರೆ ಯಾರನ್ನೂ ಕರೆಯುವುದಿಲ್ಲ ಎಂದಿದ್ದೆನಲ್ಲ, ಕರೆಯಲಿಲ್ಲ. ಮಗುವನ್ನು ಎತ್ತಿಕೊಂಡು ಇಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಒಳಗೆ ಹೇಗೆ ಹೋಗುವುದು ಎಂದು ಗೊತ್ತಾಗಲಿಲ್ಲ. ಪಕ್ಕದ ಮನೆಯ ಖತೀಜಾಬಿ ಕಾಂಪೌಂಡಿನಿಂದ ನೋಡಿ, ಕೈಯಲ್ಲಿದ್ದ ಹಿಟ್ಟು ತೊಳೆಯದೆ ಬಂದರು. "ಮನೇಗೆ ಮಗ ಬಂದದೆ, ದೊಡ್ಡೋರು ಒಬ್ರೂ ಇಲ್ಲ ಅಂದ್ರೆ ಎಂಗೆ? ನಾನಿವ್ನಿ ಬುಡು" ಅಂದರು. ಅವರಿಗೆ ಆರತಿ ಎತ್ತಿ ರೂಢಿ ಇಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಿತ್ತಲ ಒಲೆಗೆ ಹಾಕಿ, ನಮ್ಮನ್ನು ಒಳಗೆ ಕರೆದುಕೊಂಡು ಹೋದರು.

ಮಗು ಹೆಚ್ಚು ಹೊತ್ತು ಮಂಚದ ಕೆಳಗೇ ಇರುತ್ತದೆ. ತಟ್ಟೆಯನ್ನೂ ಅಲ್ಲಿಗೇ ತಳ್ಳುತ್ತೇವೆ. ಹೆಚ್ಚು ಮಾತಿಲ್ಲ. ನಾನು ಮಾಡುವುದನ್ನೆಲ್ಲ ನೋಡುತ್ತಾಳೆ, ಆಮೇಲೆ ತಾನೂ ಹಾಗೆಯೇ ಮಾಡುತ್ತಾಳೆ.

ಇವತ್ತಿಗೆ ಇಷ್ಟು ಸಾಕು.

ಪುಟ್ಟಿ


ಭೇರ್ಯ
2 ನವೆಂಬರ್ 2023

ಪುಟ್ಟಿ,

ನಿನ್ನ ಕಾಗದ ತಲುಪಿತು. ತಡವಾಗಿ ಬರೆಯುತ್ತಿದ್ದೇನೆ. ನಾಲೆಗೆ ನೀರು ಯಾವಾಗ ಬಿಡುತ್ತಾರೋ ಎಂದು ನಿನ್ನಣ್ಣ ದಿನಾ ಹೋಗಿ ನೋಡಿಬರುತ್ತಾನೆ, ಅವನು ನೋಡಿದರೆ ಬರುತ್ತದೆಯೋ ಎಂಬಂತೆ. ಕೆಂದ ಹಸು ಕರು ಹಾಕಿತು. ಖತೀಜಾಬಿ ಹಾಕಿದ ಮೆಣಸಿನಕಾಯಿ ಒಣಗಿದ್ದೋ ಹಸಿಯದೋ? ಹಸಿಯದಾದರೆ ದೃಷ್ಟಿ ಸರಿಯಾಗಿ ಹೋಗುವುದಿಲ್ಲ. ಸುಮ್ಮನೆ ಕೇಳಿದೆ.

ಅಳಿಯಂದಿರಿಗೆ ಗ್ಯಾಸ್ಟ್ರಿಕ್ ಎಂದು ಹಿಂದೆ ಯಾವಾಗಲೋ ಹೇಳಿದ್ದೆಯಲ್ಲ. ಅದಕ್ಕೆ ರಾಗಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬಟ್ಟೆಯಲ್ಲಿ ಜರಡಿ ಹಿಡಿದು ಸರಿಹಿಟ್ಟು ಮಾಡಿ ಕಳಿಸಿದ್ದೇನೆ. ಗಂಟು ಕಟ್ಟದ ಹಾಗೆ ತಿರುವು. ಉಗುರುಬೆಚ್ಚಗೆ ಆದ ಮೇಲೆ ಚಿಕ್ಕ ಚಮಚದಲ್ಲಿ ಕೊಡು. ಮೊದಲು ಅವರು ಉಗುಳಬಹುದು, ಬಲವಂತ ಮಾಡಬೇಡ. ಬೆಕ್ಕನ್ನೋ ಕಾಗೆಯನ್ನೋ ತೋರಿಸುತ್ತ ಕೊಟ್ಟರೆ ತಿನ್ನುತ್ತಾರೆ.

ನಿನ್ನ ಅವ್ವ


ಹೆಗ್ಗಡದೇವನಕೋಟೆ
25 ನವೆಂಬರ್ 2023

ಅವ್ವ,

ನಿನ್ನ ಅಳಿಯ ಮೊದಲ ದಿನ ಉಗುಳಿದರು. ಎರಡನೆಯ ದಿನ ಕಾಗೆ ನೋಡುತ್ತ ಅರ್ಧ ಬಟ್ಟಲು ತಿಂದರು. ಈಗ ಬಟ್ಟಲು ಕಂಡರೆ ಮಂಚದ ಕೆಳಗಿಂದ ತಾವೇ ಹೊರಗೆ ಬರುತ್ತಾರೆ. ಗಲ್ಲ ಸ್ವಲ್ಪ ತುಂಬಿಕೊಂಡಿದೆ. ಹೈಸ್ಕೂಲು ಮೇಷ್ಟ್ರಿಗೆ ಹೀಗೆಲ್ಲ ಆಗಬಹುದು ಎಂದು ನಾನು ಎಣಿಸಿರಲಿಲ್ಲ.

ಹಿಟ್ಟು ಮುಗಿಯುತ್ತಾ ಬಂತು. ಮೆಣಸಿನಕಾಯಿ ಒಣಗಿದ್ದೇ.

ಪುಟ್ಟಿ


ಭೇರ್ಯ
20 ಜನವರಿ 2024

ಪುಟ್ಟಿ,

ಇನ್ನೊಂದು ಡಬ್ಬ ಹಿಟ್ಟು ಕಳಿಸಿದ್ದೇನೆ. ಜೊತೆಗೆ ಒಂದು ಕೌದಿ. ನನ್ನ ಹಳೆಯ ಸೀರೆಗಳದ್ದು. ಬಟ್ಟೆ ಸಾಲದೆ ಚಿಕ್ಕದಾಗಿಹೋಯಿತು, ಅಳಿಯಂದಿರಿಗೆ ಹೊದೆಸಿದರೆ ಮಂಡಿಗೂ ಬರುವುದಿಲ್ಲ. ಆದರೂ ಬಿಸಾಡಬೇಡ, ಕಾಡಿನ ಕಡೆಯ ಊರು, ಚಳಿ ಜಾಸ್ತಿ.

ಬಸವರಾಜು ನಿನ್ನ ಫೋಟೊ ಅವನ ಮೊಬೈಲಿನಲ್ಲಿ ತೋರಿಸಿದ. ನೀನು ದಪ್ಪಗಾಗಿದ್ದೀಯ. ಬೇರೆ ಏನನ್ನೂ ನಾನು ಗಮನಿಸಲಿಲ್ಲ. ಆ ಕಡೆ ತಲೆಗೆ ಎಣ್ಣೆ ಹಾಕುವ ಪದ್ಧತಿ ಇಲ್ಲವೇ?

ನಿನ್ನ ಅವ್ವ


ಹೆಗ್ಗಡದೇವನಕೋಟೆ
1 ಏಪ್ರಿಲ್ 2024

ಅವ್ವ,

ಒಂದು ಕಷ್ಟಕ್ಕೆ ನಿನ್ನ ಸಹಾಯ ಬೇಕು. ಈ ತಿಂಗಳ ಕೊನೆಗೆ ನಮ್ಮಿಬ್ಬರಿಗೂ ಚುನಾವಣೆ ಕೆಲಸ ಬಿದ್ದಿದೆ. ಮತದಾನದ ಹಿಂದಿನ ಬೆಳಿಗ್ಗೆ ಹೊರಟರೆ ಬರುವುದು ಮಾರನೆಯ ದಿನವೇ. ಖತೀಜಾಬಿ ನೋಡಿಕೊಳ್ಳುತ್ತಿದ್ದರು, ಆದರೆ ಅವರ ಮಗಳು ಅಫ್ರೀನ್‌ಗೆ ಹೆರಿಗೆ, ಹುಣಸೂರಿಗೆ ಹೋಗುತ್ತಿದ್ದಾರೆ. ಇಂಪನಾ ಈಗ ಮಂಚದ ಕೆಳಗೆ ಇರುವುದಿಲ್ಲ. ಆದರೆ ಗುರುತಿಲ್ಲದವರ ಹತ್ತಿರ ಬಿಟ್ಟುಹೋದರೆ ಮತ್ತೆ ಅಲ್ಲಿಗೇ ಹೋಗಿಬಿಡುತ್ತಾಳೆ ಎಂದು ನನಗೆ ಹೆದರಿಕೆ. ಅವಳನ್ನು ಒಮ್ಮೆ ಯಾರೋ ಬಿಟ್ಟುಹೋಗಿದ್ದಾರೆ. ನಾನು ಬಾಗಿಲ ಕಡೆ ಹೆಜ್ಜೆ ಇಟ್ಟರೆ ಸಾಕು, ಅವಳು ನನ್ನ ಚಪ್ಪಲಿ ತೆಗೆದು ಒಳಗಿಡುತ್ತಾಳೆ.

ನಿನ್ನ ಕೈಲಿ ಆಗದ್ದನ್ನು ಕೇಳುತ್ತಿಲ್ಲ. ಅಜ್ಜಿಯಾಗಿ ಬರಬೇಡ. ನನ್ನ ಅವ್ವನಾಗಿ ಬಾ.

ಪುಟ್ಟಿ


ಭೇರ್ಯ
10 ಏಪ್ರಿಲ್ 2024

ಪುಟ್ಟಿ,

ಬರುತ್ತೇನೆ. ಬಸವರಾಜು ಕೆ.ಆರ್. ನಗರದವರೆಗೆ ಬಂದು ಹುಣಸೂರಿನ ಬಸ್ಸು ಹತ್ತಿಸುತ್ತಾನೆ. ಅಲ್ಲಿಂದ ಕೋಟೆ ಬಸ್ಸು ನಾನೇ ಹಿಡಿಯುತ್ತೇನೆ, ಬೋರ್ಡು ಓದಲು ಕಿವಿ ಬೇಕಿಲ್ಲ.

ಬೇಯಿಸಿ ಹಾಕುತ್ತೇನೆ, ಕಣ್ಣಿಟ್ಟಿರುತ್ತೇನೆ. ಅದಕ್ಕಿಂತ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡ. ಈ ಪ್ರಯಾಣಕ್ಕೆ ಹೂ ಕೇಳಿಲ್ಲ. ಕೇಳಿದರೆ ಎಲ್ಲಿ ಬೇಡ ಎಂದುಬಿಡುತ್ತಾಳೋ ಎಂದು ಏರಿ ಕಡೆಗೇ ಹೋಗಿಲ್ಲ. ಇಷ್ಟು ವರ್ಷದಲ್ಲಿ ಅಮ್ಮನಿಂದ ತಲೆ ತಪ್ಪಿಸಿಕೊಂಡು ಓಡಾಡಿದ್ದು ಇದೇ ಮೊದಲು.

ನಿನ್ನ ಅವ್ವ


ಭೇರ್ಯ
4 ಮೇ 2024

ಪುಟ್ಟಿ,

ಊರು ಸೇರಿ ಮೂರ್ನಾಲ್ಕು ದಿನವಾಯಿತು. ಹುಣಸೂರಿನಲ್ಲಿ ಬಸ್ಸಿಗೆ ಬಹಳ ಹೊತ್ತು ಕಾದೆ, ಆದರೆ ಕಿಟಕಿ ಪಕ್ಕ ಜಾಗ ಸಿಕ್ಕಿತು.

ನಿನಗೊಂದು ಸುಳ್ಳು ಹೇಳಿ ಬಂದಿದ್ದೇನೆ. ಚುನಾವಣೆ ಮುಗಿಸಿ ನೀನು ಬಂದಾಗ ತಂತಿಯ ಮೇಲೆ ನನ್ನ ಒಳ್ಳೆಯ ಸೀರೆ ಒಣಗುತ್ತಿತ್ತು. ಊರಿಗೆ ಹೊರಡಲು ಎತ್ತಿಟ್ಟಿದ್ದನ್ನು ಯಾಕೆ ಉಟ್ಟು ಒಗೆದೆ ಎಂದು ಕೇಳಿದೆ. ಕೊಳಾಯಿ ಸಿಡಿದು ಉಟ್ಟದ್ದು ನೆನೆಯಿತು ಎಂದೆ. ನೀನು ಪಾಪ ಕೊಳಾಯಿ ರಿಪೇರಿಯವನಿಗೆ ಫೋನ್ ಮಾಡಿದೆ. ಅವನು ಬಂದು ನೋಡಿ ಎಲ್ಲ ಸರಿಯಾಗಿದೆ ಎಂದಾಗ ನಾನು ಕಿವಿ ಕೇಳಿಸದವಳ ಹಾಗೆ ಕೂತಿದ್ದೆ. ಎದುರೆದುರು ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ಬಂದ ದಿನ ನಾನು ಆ ಮಗುವನ್ನು ಮುಟ್ಟಲಿಲ್ಲ. ನೀನು ನೋಡಿಯೂ ನೋಡದ ಹಾಗೆ ಇದ್ದೆ. ನೀವಿಬ್ಬರೂ ಹೋದ ಮೇಲೆ ಅದು ಬಾಗಿಲ ಹತ್ತಿರವೇ ಕೂತಿತ್ತು. ಬೇಯಿಸಿಟ್ಟೆ, ತಿಂದಿತು. ನಾನೊಂದು ಮೂಲೆ, ಅದೊಂದು ಮೂಲೆ. ಮತದಾನದ ದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ ಗಿಡಕ್ಕೆ ಬಿಟ್ಟ ನೀರಿನಲ್ಲಿ ಆಡಿ, ತಲೆಯಿಂದ ಕಾಲಿನವರೆಗೆ ಕೆಸರು ಬಳಿದುಕೊಂಡು ಬಂದು ನಿಂತಿತು. ಅದನ್ನು ಹಾಗೇ ಬಿಡಲು ನನ್ನ ಕೈ ಒಪ್ಪಲಿಲ್ಲ. ನಿನಗೆ, ನಿನ್ನಣ್ಣನಿಗೆ, ಅವನ ಮಕ್ಕಳಿಗೆ, ನಮ್ಮ ಬೀದಿಯ ಅರ್ಧ ಬಾಣಂತಿಯರ ಕೂಸುಗಳಿಗೆ ನೀರು ಎರೆದ ಕೈ ಇದು.

ನೆತ್ತಿಗೆ ಹರಳೆಣ್ಣೆ ತಟ್ಟಿದೆ. ಒಲೆಗೆ ಸೌದೆ ಹಾಕಿ ನೀರು ಕಾಯಿಸಿದೆ. ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಮಲಗಿಸಿಕೊಂಡೆ. ಮೂರು ದಾಟಿದ ಮಗುವಿಗೆ ಯಾರೂ ಹಾಗೆ ಎರೆಯುವುದಿಲ್ಲ. ಕೈಕಾಲು ಎರಡು ಕಡೆಯೂ ಜೋಲುತ್ತಿದ್ದವು. ಆದರೆ ಕೂಸಾಗಿದ್ದಾಗ ಅದಕ್ಕೆ ಯಾರು ಎರೆದಿದ್ದರೋ ಇಲ್ಲವೋ, ಒಂದು ಸಲವಾದರೂ ಆಗಲಿ ಎನ್ನಿಸಿತು. ಮೊದಲ ನೀರಿಗೆ ಕಿರುಚಿ ನನ್ನ ಸೆರಗು ಹಿಡಿದುಕೊಂಡಿತು. ಕಣ್ಣಿಗೆ ನೀರು ಹೋಗದ ಹಾಗೆ ಹಣೆಗೆ ಅಂಗೈ ಅಡ್ಡ ಹಿಡಿದು, ಆಯ್ತು ಕಣವ್ವ ಆಯ್ತು ಎನ್ನುತ್ತಲೇ ಎರೆದೆ. ಆಮೇಲೆ ಸುಮ್ಮನಾಯಿತು. ಕಣ್ಣು ಬಿಟ್ಟು ನನ್ನನ್ನೇ ನೋಡುತ್ತ ಮಲಗಿತ್ತು.

ಮುಗಿಸಿ, ಒರೆಸಿ ನಿಲ್ಲಿಸಿದೆ. ನಾನು ಏಳಲು ಗೋಡೆ ಹಿಡಿದೆ, ಮಂಡಿ ಕೇಳಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು ಏಳೋಣ ಎಂದು ಕಾಲು ನೀಡಿಕೊಂಡೇ ಕೂತಿದ್ದೆ. ಅಷ್ಟರಲ್ಲಿ ಅವಳು ಬಕೆಟ್ಟಿನಿಂದ ಅರ್ಧ ಮಗ್ಗು ನೀರು ತೆಗೆದು ನನ್ನ ತಲೆಯ ಮೇಲೆ ಸುರಿದಳು. ಉಟ್ಟ ಸೀರೆ ಸಮೇತ ನೆನೆದುಹೋದೆ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹಣೆಯ ಮೇಲೆ ಅವಳ ಅಂಗೈ ಅಡ್ಡ ಬಂತು. ನನ್ನ ಕಣ್ಣಿಗೆ ನೀರು ಹೋಗಬಾರದಂತೆ. ಒಂದು ಕೈಯಲ್ಲಿ ಹಣೆ ಹಿಡಿದು, ಇನ್ನೊಂದು ಕೈಯಲ್ಲಿ ಮತ್ತೆ ಸುರಿದಳು. ಅರ್ಧ ನನಗೆ, ಅರ್ಧ ನೆಲಕ್ಕೆ. ಮುಖವನ್ನು ನನ್ನ ಮುಖದ ಹತ್ತಿರ ತಂದು ಅಂದಳು:

"ಆಯ್ತು ಕಣವ್ವ, ಆಯ್ತು."

ಕಿವಿಯ ಪಕ್ಕದಲ್ಲೇ ಹೇಳಿದ್ದರಿಂದ ಚೆನ್ನಾಗಿ ಕೇಳಿಸಿತು.

ನನ್ನ ಅವ್ವ ತೀರಿಹೋಗಿ ನಲವತ್ತು ವರ್ಷದ ಮೇಲಾಯಿತು ಪುಟ್ಟಿ. ಊರಿನವರಿಗೆಲ್ಲ ಎರೆದಿದ್ದೇನೆ. ಅವಳು ಹೋದ ಮೇಲೆ ನನ್ನ ಹಣೆಗೆ ಕೈ ಅಡ್ಡ ಹಿಡಿದು ಎರೆದವರು ಯಾರೂ ಇಲ್ಲ. ಬೇಕು ಎಂದು ನನಗೂ ನೆನಪಿರಲಿಲ್ಲ. ಅತ್ತುಬಿಟ್ಟೆ. ನೀರಿನಲ್ಲಿ ಅಳು ಗೊತ್ತಾಗುವುದಿಲ್ಲ ಎಂದುಕೊಂಡೆ. ಅವಳಿಗೆ ಗೊತ್ತಾಯಿತು. ಇನ್ನೊಂದು ಮಗ್ಗು ಸುರಿದಳು. ಉಡಲು ಬೇರೆ ಒಣಸೀರೆ ಇರಲಿಲ್ಲ, ಎತ್ತಿಟ್ಟದ್ದನ್ನೇ ಉಟ್ಟೆ. ನನ್ನ ಮಡಿಲಲ್ಲಿ ಕೂತು ಸರಿಹಿಟ್ಟು ತಿಂದು ಅದರ ಮೇಲೂ ಚೆಲ್ಲಿದಳು. ತಂತಿಯ ಮೇಲಿನ ಕಥೆ ಇದು.

ಇಷ್ಟು ದಿನ ನಾನು ಬಚ್ಚಲಲ್ಲಿ ಮಿಂದು, ಮಡಿಯಾಗಿ, ಅಮ್ಮನ ಗುಡಿಗೆ ಹೋಗುತ್ತಿದ್ದೆ. ಅಮ್ಮ ಬಚ್ಚಲಿಗೂ ಬರುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಬಂದಿದ್ದಳು ಕಣೆ. ಆ ಎಣ್ಣೆಜಿಡ್ಡಿನ ನೆಲದ ಮೇಲೆ, ಆ ಹೊಗೆಯ ವಾಸನೆಯಲ್ಲಿ, ನನ್ನ ಎದುರಿಗೇ ಇದ್ದಳು. ಯಾರು ನಕ್ಕರೂ ನಾನು ಹೀಗೇ ಹೇಳುತ್ತೇನೆ. ನಿನ್ನ ಚಪ್ಪಲಿಯ ಮಾತಿಗೆ ನಾನು ನಕ್ಕಿದ್ದೆ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಇನ್ನೊಂದು ಮಾತು. ನಿಮ್ಮಪ್ಪನ ಕಾಯಿಲೆ ಆಸ್ಪತ್ರೆಗೆ ಹೋಗುವ ಮೊದಲೇ ಬಲಿತಿತ್ತು. ನೀನು ಹೇಳಿದ್ದರಿಂದ ಏನೂ ಆಗಲಿಲ್ಲ. ನೀನು ಅವರನ್ನು ಉಳಿಸಿಕೊಳ್ಳಲು ನೋಡಿದೆ, ಅಷ್ಟೆ. ನಾನು ಹೆದರಿದವಳು, ಹೆದರಿಕೆಯನ್ನು ಎಲ್ಲಾದರೂ ಇಳಿಸಬೇಕಿತ್ತು, ನಿನ್ನ ತಲೆಯ ಮೇಲೆ ಇಳಿಸಿದೆ.

ಮುಂದಿನ ತಿಂಗಳು ಮತ್ತೆ ಬರುತ್ತೇನೆ. ಯಾರನ್ನೂ ಕೇಳಿ ಹೊರಡುವುದಿಲ್ಲ. ಆ ಮಗುವನ್ನು ಒಪ್ಪಬೇಕೋ ಬೇಡವೋ ಎಂದು ನಾನು ಮೂರು ಶುಕ್ರವಾರ ಕೇಳಿದೆ. ನನ್ನನ್ನು ಒಪ್ಪಬೇಕೋ ಬೇಡವೋ ಎಂದು ಅವಳು ಯಾರನ್ನೂ ಕೇಳಲಿಲ್ಲ.

ಇಂಪನಾಳ ಅಜ್ಜಿ,
ರುಕ್ಮಿಣಮ್ಮ